ನಿಮ್ಮ ದೇವರಿಗೂ ಒಂದು ಮಾತು ಹೇಳಿ

2022ರ ಡಿಸೆಂಬರ್ ಮೊದಲ ವಾರ. ನಮ್ಮ ಚರ್ಚಿನ ಮಹಿಳೆಯರ ಫೆಲೋಶಿಪ್ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಾ ನಿಂತಿದ್ದೆವು. ಆ ವರ್ಷ ಮದುವೆಯಾಗಿ ನಮ್ಮ ಸಭೆಗೆ ಬಂದಿದ್ದ ಹುಡುಗಿಯೊಬ್ಬಳು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಆಂಟಿ, ಈ ಸಲ ಪಕ್ಕದ ಮನೆಯವರಿಗೆ ಕ್ರಿಸ್ಮಸ್ ತಟ್ಟೆ ಕೊಡಬಹುದಾ? ಏನೂ ತೊಂದರೆ ಆಗಲ್ಲ ಅಲ್ವಾ?"

ಕೇಳಿಸಿಕೊಂಡವರು ಯಾರೂ ನಗಲಿಲ್ಲ. ಮತಾಂತರ ನಿಷೇಧ ಕಾಯ್ದೆ ಎಂದು ಜನ ಕರೆಯುವ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂದದ್ದು ಅದೇ ವರ್ಷ. ಅದರಲ್ಲಿ 'ಆಮಿಷ' ಎಂದರೆ ಏನೇನು ಎಂದು ಹೇಳುವ ಕಡೆ ಉಡುಗೊರೆಯೂ ಸೇರಿದೆ ಎಂದು ಅವಳ ಗಂಡ ಓದಿ ಹೇಳಿದ್ದನಂತೆ. ಮತಾಂತರ ಮಾಡಿಸಲಿಕ್ಕೆಂದು ಕೊಟ್ಟರೆ ಮಾತ್ರ ಕಣೇ, ಹಬ್ಬದ ತಿಂಡಿಗೆ ಯಾರೂ ಏನೂ ಅನ್ನಲ್ಲ ಎಂದು ಹೇಳಿ ಅವಳ ಬೆನ್ನು ಸವರಿದೆ. ಆದರೆ ಮನೆಗೆ ನಡೆದು ಬರುವಾಗ ಆ ಪ್ರಶ್ನೆ ನನ್ನ ಜೊತೆಗೇ ಬಂತು. ಏಕೆಂದರೆ ತಟ್ಟೆ ಕೊಡುವಾಗ ನನ್ನ ಮನಸ್ಸಿನಲ್ಲಿ ಏನಿರುತ್ತದೆ ಎಂದು ನಾನು ನಿಜವಾಗಿ ಯೋಚಿಸಿದ್ದು ಅವತ್ತೇ.

ನಮ್ಮದು ಮಂಗಳೂರು ಕಡೆಯ ಮನೆತನ. 1834ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದು, ಆಮೇಲೆ ಶಾಲೆ, ಮುದ್ರಣಾಲಯ, ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಎಂದು ಒಂದೊಂದಾಗಿ ಕಟ್ಟಿದರಲ್ಲ, ಆ ಹೆಂಚಿನ ಕೆಲಸದಿಂದಲೇ ನಮ್ಮ ಅಜ್ಜನ ಮನೆಯ ಗಂಜಿ ಬೇಯುತ್ತಿತ್ತು. ಕ್ರೈಸ್ತರಾದವರನ್ನು ಅವರವರ ಜಾತಿಯವರು ಹೊರಗಿಟ್ಟಾಗ ಹೊಟ್ಟೆಪಾಡಿಗೆ ಒಂದು ದಾರಿ ಬೇಕಿತ್ತು. ಆ ಕಾರ್ಖಾನೆಗಳು ಹುಟ್ಟಲಿಕ್ಕೆ ಅದೂ ಒಂದು ಕಾರಣ. ನಾನು ನರ್ಸಿಂಗ್ ಓದಿ ಮೈಸೂರಿಗೆ ಬಂದವಳು ಇಲ್ಲೇ ಉಳಿದೆ. ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದೆ. ನಮ್ಮ ಬೀದಿಯಲ್ಲಿ ಚಿಕ್ಕ ಮಕ್ಕಳಿಂದ ಹಿಡಿದು ತರಕಾರಿ ಗಾಡಿಯವನವರೆಗೆ ಎಲ್ಲರೂ ನನ್ನನ್ನು ಕರೆಯುವುದು ಸಿಸ್ಟರ್ ಎಂದೇ.

ಆ ಸಿಸ್ಟರ್ ಎಂಬ ಪದದಲ್ಲಿ ಎಷ್ಟು ಅಧಿಕಾರವಿದೆ ಎಂದು ನನಗೆ ಗೊತ್ತಾದ ದಿನ ಒಂದಿದೆ. ಇಪ್ಪತ್ನಾಲ್ಕು ವರ್ಷ ವಯಸ್ಸು, ಹೊಸ ಕೆಲಸ, ಭಕ್ತಿಯ ಹುರುಪು. ಸಿಕ್ಕವರಿಗೆಲ್ಲ ಸುವಾರ್ತೆ, ಅಂದರೆ ಯೇಸುವಿನ ವಿಷಯ, ಹೇಳಬೇಕು, ಹೇಳದೆ ಒಬ್ಬರು ಸತ್ತರೆ ಅದರ ಲೆಕ್ಕ ನಾನು ಕೊಡಬೇಕು ಎಂದು ಯಾವುದೋ ಕೂಟದಲ್ಲಿ ಕೇಳಿ ಬಂದಿದ್ದೆ. ಮಾರನೇ ದಿನ ಬೆಳಗ್ಗೆ ಆಪರೇಷನ್ ಇದ್ದ ರೈತರೊಬ್ಬರ ದಿಂಬಿನ ಪಕ್ಕದಲ್ಲಿ ಒಂದು ಕರಪತ್ರ ಇಟ್ಟೆ. 'ಓದಿ, ಒಳ್ಳೇದಾಗತ್ತೆ' ಅಂದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಹೆಂಡತಿ ಆ ಕಾಗದವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಡ್ಯೂಟಿ ರೂಮಿನವರೆಗೆ ಬಂದರು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದರು. "ಸಿಸ್ಟರ್, ಇದನ್ನ ನಾವು ಓದದೇ ಹೋದ್ರೆ ಆಪರೇಸನ್ನು ಸರಿಯಾಗಿ ಮಾಡಾಕಿಲ್ವಾ?"

ಇಷ್ಟು ವರ್ಷವಾದರೂ ಆ ಧ್ವನಿ ಹೋಗಿಲ್ಲ. ನಾನು ಶುಭವಾರ್ತೆ ಎಂದು ಕೊಟ್ಟದ್ದು ಅವರ ಕೈಯಲ್ಲಿ ಹೆದರಿಕೆಯಾಗಿ ಕೂತಿತ್ತು. ಇಂಜೆಕ್ಷನ್ ಕೊಡುವ ಕೈ ನನ್ನದು, ನೋವಿನ ಮಾತ್ರೆಯ ಬೀಗ ನನ್ನ ಹತ್ತಿರ, ರಾತ್ರಿ ಕರೆದರೆ ಬರುವವಳು ನಾನು. ಬೇಡ ಎನ್ನಲು ಅವರಿಗೆ ಎಲ್ಲಿತ್ತು ಜಾಗ? ಬೇಡ ಎನ್ನಲಾಗದವರ ಮುಂದೆ ನಂಬಿಕೆಯ ಮಾತು ಎತ್ತುವುದು ಅನ್ಯಾಯ. ಕಾನೂನು ಹೇಳುವ ಮೊದಲೇ ನನಗೆ ಇದನ್ನು ಹೇಳಿದವರು ಆ ಹೆಂಗಸು. ಕರಪತ್ರವನ್ನು ವಾಪಸ್ ಇಸಿದುಕೊಂಡೆ, ಕ್ಷಮಿಸಿ ಅಂದೆ, ರಾತ್ರಿಯೆಲ್ಲ ಆ ಹಾಸಿಗೆಯ ಹತ್ತಿರ ಹೆಚ್ಚು ಸಲ ಹೋಗಿ ಬಂದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಅವತ್ತಿನಿಂದ ವಾರ್ಡಿನಲ್ಲಿ ನಾನಾಗಿ ಬಾಯಿ ತೆರೆದವಳಲ್ಲ. ಕೇಳಿದವರಿಗೆ ಮಾತ್ರ, ಅದೂ ಅವರು ಬಿಡುಗಡೆಯಾಗಿ ಹೋಗುವ ದಿನ, ನನ್ನ ಕೈಯಲ್ಲಿ ಅವರ ಚೀಟಿ, ಮಾತ್ರೆ ಏನೂ ಇಲ್ಲದಿರುವಾಗ.

ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ಯೇಸುವಿನ ಶಿಷ್ಯ ಪೇತ್ರನ ಮೊದಲ ಪತ್ರಿಕೆಯ ಮೂರನೇ ಅಧ್ಯಾಯ ಹದಿನೈದನೇ ವಚನ ನಮ್ಮಲ್ಲಿ ಅನೇಕರಿಗೆ ಬಾಯಿಪಾಠ. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ ಎನ್ನುತ್ತದೆ. ಉತ್ತರ ಹೇಳುವುದರ ಮೇಲೆಯೇ ನಾವು ಬೇಕಾದಷ್ಟು ಪ್ರಸಂಗ ಕೇಳಿದ್ದೇವೆ. 'ಕೇಳುವವರಿಗೆ' ಎಂಬ ಪದದ ಮೇಲೆ ನಾನು ಕೇಳಿದ್ದು ಕಡಿಮೆ. ಅದೇ ವಚನ ಮುಂದುವರಿದು ಸಾತ್ವಿಕತ್ವದಿಂದ ಹೇಳಿ ಎನ್ನುತ್ತದೆ. ಪೇತ್ರ ಇದನ್ನು ಬರೆದದ್ದು ಚದುರಿಹೋಗಿ, ಅಲ್ಲಲ್ಲಿ ಸಣ್ಣ ಗುಂಪಾಗಿ, ಊರವರ ಅನುಮಾನದ ನಡುವೆ ಬದುಕುತ್ತಿದ್ದ ಜನರಿಗೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇಕಡ 1.87. ಆ ಪತ್ರ ನಮ್ಮ ವಿಳಾಸಕ್ಕೇ ಬಂದಂತಿದೆ.

ಹಾಗಾದರೆ ಕೇಳುವವರು ಬರುವವರೆಗೆ ಕೈಕಟ್ಟಿ ಕೂರುವುದೇ? ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯವನ್ನು ನಾನು ಎಷ್ಟೋ ಸಲ ಓದಿದ್ದೆ. ಸಮಾರ್ಯದ ಹೆಂಗಸು ಮಟಮಟ ಮಧ್ಯಾಹ್ನ ಬಾವಿಗೆ ಬರುತ್ತಾಳೆ. ಯೇಸು ದಣಿದು ಅಲ್ಲಿ ಕೂತಿದ್ದಾನೆ. ಅವನು ಅವಳಿಗೆ ಆಡಿದ ಮೊದಲ ಮಾತು ಉಪದೇಶವಲ್ಲ. ಕುಡಿಯಲು ನೀರು ಕೊಡು ಎನ್ನುತ್ತಾನೆ. ಅವನು ಯೆಹೂದ್ಯ, ಯೆಹೂದ್ಯರು ಸಮಾರ್ಯದವರ ಪಾತ್ರೆ ಮುಟ್ಟದ ಕಾಲ. ಸೇದುವುದಕ್ಕೆ ಅವನ ಹತ್ತಿರ ಏನೂ ಇಲ್ಲ, ಬಾವಿ ಆಳ. ನಿಜವಾಗಿಯೂ ಅವನಿಗೆ ಅವಳ ಬಿಂದಿಗೆ ಬೇಕಿತ್ತು. ನಮ್ಮೂರಿನಲ್ಲಿ ಯಾರ ಮನೆ ನೀರು ಯಾರು ಕುಡಿಯಬಹುದು ಎಂಬ ಲೆಕ್ಕ ನೋಡಿ ಬೆಳೆದವರಿಗೆ ಈ ಮಾತಿನ ತೂಕ ವಿವರಿಸಬೇಕಾಗಿಲ್ಲ. ಕೊಡುವ ಜಾಗದಲ್ಲಿ ಅವಳನ್ನು ನಿಲ್ಲಿಸಿ, ಬೇಡುವ ಜಾಗದಲ್ಲಿ ತಾನು ಕೂತು, ಅವನು ಮಾತು ಶುರುಮಾಡಿದ.

ಇದು ನನಗೆ ಪುಸ್ತಕದಿಂದ ಅರ್ಥವಾದದ್ದಲ್ಲ. ನಮ್ಮಮ್ಮ ಕೊನೆಯ ವರ್ಷಗಳಲ್ಲಿ ನನ್ನ ಜೊತೆಗಿದ್ದರು. ಒಂದು ಜೂನ್ ತಿಂಗಳು, ಮಳೆ ಹಿಡಿದ ವಾರ, ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆ ಪಕ್ಕದ ಮನೆಯ ಅಮ್ಮ ಗೇಟು ತಳ್ಳಿಕೊಂಡು ಒಳಗೆ ಬಂದರು. ಮಡಿ ಆಚಾರದ ಮನೆ ಅವರದು. ನಮ್ಮ ಮನೆಯಲ್ಲಿ ಅವರು ಕಾಫಿ ಕುಡಿದದ್ದೂ ಇರಲಿಲ್ಲ. ಮೂರು ಡಬ್ಬಿಯ ಕ್ಯಾರಿಯರ್ ತಂದಿದ್ದರು. ಮೇಲಿನದರಲ್ಲಿ ಹುರುಳಿಕಾಯಿ ಪಲ್ಯ, ನಡುವೆ ಮೆಣಸಿನ ಸಾರು, ಕೆಳಗೆ ಮೆತ್ತಗೆ ಬೇಯಿಸಿದ ಅನ್ನ. ತಟ್ಟೆಗೆ ಬಡಿಸಿ, ಅನ್ನದ ನಡುವೆ ಗುಳಿ ಮಾಡಿ ಸಾರು ಹಾಕಿ, ಎದುರಿಗೆ ಕೂತರು. "ತಿನ್ನಿ ಸಿಸ್ಟರ್. ನೀವು ಮೊದಲು ತಿನ್ನಿ." ನಾನು ಮುಗಿಸುವವರೆಗೆ ಎದ್ದು ಹೋಗಲಿಲ್ಲ. ಹೀಗೆ ಹನ್ನೊಂದು ದಿನ. ಯಾಕೆ ಹನ್ನೊಂದು ಎಂದು ನಾನು ಕೇಳಲಿಲ್ಲ. ಅವರ ಲೆಕ್ಕದಲ್ಲಿ ದುಃಖಕ್ಕೆ ಅಷ್ಟು ದಿನ ಬೇಕು ಎಂದಿದ್ದಿರಬೇಕು.

ಅಲ್ಲಿಯವರೆಗೆ ನಾನು ಅವರಿಗೆ ವರ್ಷವೂ ಡಿಸೆಂಬರ್ 25ಕ್ಕೆ ತಟ್ಟೆ ಕೊಟ್ಟವಳು. ನಾನು ಕೊಡುವವಳು, ಅವರು ತೆಗೆದುಕೊಳ್ಳುವವರು. ನಮ್ಮ ಹತ್ತಿರ ಬೆಳಕಿದೆ, ಅವರಿಗೆ ಒಂದಿಷ್ಟು ಮುಟ್ಟಿಸಬೇಕು ಎಂಬ ಭಾವ ನನ್ನೊಳಗೆ ಎಲ್ಲೋ ಕೂತಿತ್ತು. ಹನ್ನೊಂದು ದಿನ ಅವರ ಅನ್ನ ಉಂಡ ಮೇಲೆ ಆ ಭಾವ ನಿಲ್ಲಲಿಲ್ಲ. ಅವರು ನನ್ನ ಸಾಕ್ಷಿಗೆ, ಅಂದರೆ ನನ್ನ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳಿಕೊಳ್ಳುವುದಕ್ಕೆ, ಗುರಿ ಅಲ್ಲ, ನನ್ನ ಅಮ್ಮನ ಸಾವಿನಲ್ಲಿ ನನಗೆ ಉಣಿಸಿದವರು. ಇನ್ನು ಮೇಲೆ ನಾನು ಯೇಸುವಿನ ಬಗ್ಗೆ ಅವರೊಡನೆ ಏನು ಮಾತಾಡಿದರೂ ಆ ಅನ್ನದ ಋಣ ಇಟ್ಟುಕೊಂಡೇ ಮಾತಾಡಬೇಕು.

ನಮ್ಮ ಬಾಸೆಲ್ ಮಿಷನ್ನಿನವರೇ ಆದ ಕಿಟ್ಟೆಲರನ್ನು ನಾನು ಈಗ ನೋಡುವುದೂ ಹೀಗೆಯೇ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಈ ನಾಡಿಗೆ ಬಂದದ್ದು ಕ್ರಿಸ್ತನನ್ನು ಸಾರಲು. ಸಾರಬೇಕಾದರೆ ಭಾಷೆ ಬೇಕು. ಭಾಷೆ ಬೇಕಾದರೆ ಜನ ಹೇಳಿದ್ದನ್ನು ಕೇಳಬೇಕು. ಕೇಳುತ್ತಾ ಕೂತವರು ಗಾದೆ ಬರೆದುಕೊಂಡರು, ಹಳಗನ್ನಡ ಕಲಿತರು, ಛಂದಸ್ಸು ಕಲಿತರು, ಯೇಸುವಿನ ಚರಿತ್ರೆಯನ್ನು ಇಲ್ಲಿನ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದರು. 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಅವರಿಗಿಂತ ಮೊದಲು, 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡದ ಮೊದಲ ಪತ್ರಿಕೆ ತಂದವರು. ಅವರೇ ಕನ್ನಡದ ಹಳೆಯ ಕಾವ್ಯಗಳನ್ನು ಹುಡುಕಿ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಅದರಲ್ಲಿ ದಾಸರ ಪದಗಳೂ ಇದ್ದವು. ಕ್ರೈಸ್ತ ಮಿಷನ್ನಿನ ಅಚ್ಚಿನ ಕಲ್ಲಿನ ಮೇಲೆ ವಿಠಲನ ಅಂಕಿತದ ಹಾಡುಗಳು! ಅದೇ ಮಿಷನರಿಗಳು ಇಲ್ಲಿನ ದೇವರುಗಳ ಬಗ್ಗೆ, ಭೂತಾರಾಧನೆಯ ಬಗ್ಗೆ ಕಟುವಾಗಿ ಬರೆದದ್ದೂ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವರು ಬೈದದ್ದು ಇವತ್ತು ಯಾರಿಗೂ ಬೇಕಾಗಿಲ್ಲ. ಅವರು ಕೂತು ಕೇಳಿಸಿಕೊಂಡದ್ದು ಕನ್ನಡದ ಪ್ರತಿ ಪಂಡಿತನ ಮೇಜಿನ ಮೇಲಿದೆ.

ಕೇಳಿಸಿಕೊಳ್ಳುವ ಆ ಅಭ್ಯಾಸ ನಮಗೆ ತಪ್ಪಿಹೋಗಿದೆ ಎಂದು ನನಗೆ ಅನಿಸುವುದು ನಮ್ಮ ಮಾತು ಕೇಳಿದಾಗ. ಚರ್ಚಿನೊಳಗೆ ನಾವು ಆಡುವ ಕನ್ನಡವೇ ಬೇರೆ. ಯೇಸು ನನ್ನನ್ನು ಪಾಪದಿಂದ ಬಿಡಿಸಿದ ಎಂಬ ಅರ್ಥದಲ್ಲಿ 'ರಕ್ಷಣೆ ಹೊಂದಿದೆ' ಎನ್ನುತ್ತೇವೆ. ಹೊರಗಿನವರಿಗೆ ರಕ್ಷಣೆ ಎಂದರೆ ನೆರೆ ಬಂದಾಗ ದೋಣಿಯಲ್ಲಿ ಎತ್ತಿಕೊಂಡು ಬರುವುದು. ಚರ್ಚಿಗೆ ಹೋದದ್ದನ್ನು 'ಸಭೆಗೆ ಹೋಗಿದ್ದೆ' ಎಂದರೆ ಸೊಸೈಟಿ ಮೀಟಿಂಗಾ ಎಂದು ಕೇಳುತ್ತಾರೆ. ಇನ್ನು 'ಪಾಪ'. ನೀವು ಪಾಪಿ ಎಂದು ಯಾರಿಗಾದರೂ ಹೇಳಿ ನೋಡಿ, ಬಾಗಿಲು ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳಲೇಬೇಕು. ಆದರೆ ಇದೇ ಪದವನ್ನು ಬೀದಿಯ ಕನ್ನಡ ಹೇಗೆ ಇಟ್ಟುಕೊಂಡಿದೆ ನೋಡಿ. ಮಗು ಬಿದ್ದರೆ 'ಅಯ್ಯೋ ಪಾಪ'. ಕೆಲಸ ಕಳೆದುಕೊಂಡವನಿಗೆ 'ಪಾಪ ಕಣ್ರೀ'. ಯಾರಿಗೂ ಕೇಡು ಬಗೆಯದವನು 'ಪಾಪದ ಮನುಷ್ಯ'. ತಪ್ಪನ್ನೂ ಕನಿಕರವನ್ನೂ ನಮ್ಮ ಭಾಷೆ ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಕುರುಬನಿಲ್ಲದ ಕುರಿಗಳ ಹಾಗೆ ತೊಳಲಿ ಬಳಲಿದ್ದ ಜನರ ಗುಂಪನ್ನು ಕಂಡು ಯೇಸು ಕನಿಕರಪಟ್ಟ ಎಂದು ಮತ್ತಾಯ ಬರೆಯುತ್ತಾನೆ. ಯೇಸು ನಮ್ಮೂರಿನಲ್ಲಿ ಹುಟ್ಟಿದ್ದರೆ ಆ ಹೊತ್ತಿಗೆ ಅವನ ಬಾಯಿಂದ ಬರುತ್ತಿದ್ದ ಪದ ಪಾಪ ಎಂಬುದೇ. ನಾವು ಆ ಪದದ ಒಂದು ಅರ್ಥವನ್ನು ಮಾತ್ರ ಹಿಡಿದು ಜನರ ಬಾಗಿಲು ಬಡಿಯುತ್ತಿದ್ದೇವೆ.

ಇನ್ನೊಂದು ಕಡೆಯ ತಪ್ಪೂ ನಮ್ಮಲ್ಲಿದೆ. ಹೆದರಿದವರು, ಸಂಕೋಚದವರು ಹೇಳುವ ಮಾತು: ನಮ್ಮ ಬದುಕೇ ಸಾಕ್ಷಿ, ಬಾಯಿಬಿಟ್ಟು ಹೇಳುವುದೇನೂ ಬೇಡ. ಇದಕ್ಕೆ ಒಪ್ಪುವ ಹಾಗೆ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹೆಸರಿನಲ್ಲಿ ಒಂದು ನುಡಿ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ: ಸುವಾರ್ತೆಯನ್ನು ಸದಾ ಸಾರಿರಿ, ಅಗತ್ಯ ಬಿದ್ದರೆ ಮಾತು ಬಳಸಿರಿ ಎಂದು. ಫ್ರಾನ್ಸಿಸರ ಬರಹಗಳಲ್ಲಿ ಆ ಮಾತು ಇಲ್ಲ. ಅವರು ಊರೂರು ಸುತ್ತಿ ಬಾಯಿತುಂಬ ಸಾರಿದವರು. ನನ್ನ ಕೊರಗು ಬೇರೆ. ನಾನು ಲಂಚ ಮುಟ್ಟುವುದಿಲ್ಲ, ಡ್ಯೂಟಿಗೆ ತಡವಾಗುವುದಿಲ್ಲ ಎಂದು ನೋಡಿದವರು ಸಿಸ್ಟರ್ ಒಳ್ಳೆಯವರು ಎನ್ನುತ್ತಾರೆ, ಅಷ್ಟೇ. ಹೊಗಳಿಕೆ ನನ್ನ ಹತ್ತಿರವೇ ನಿಂತುಬಿಡುತ್ತದೆ. ನಾನು ಎಂಥ ಮುಂಗೋಪಿ, ಎಷ್ಟು ದಿನ ತಂಗಿಯೊಡನೆ ಮಾತು ಬಿಟ್ಟಿದ್ದೆ, ಯಾರು ನನ್ನನ್ನು ಕ್ಷಮಿಸಿದ್ದರಿಂದ ನಾನು ಅವಳನ್ನು ಕ್ಷಮಿಸಿದೆ ಎಂಬುದು ನಾನು ಹೇಳದೆ ಅವರಿಗೆ ತಿಳಿಯುವುದಾದರೂ ಹೇಗೆ? ಅಲ್ಲದೆ ನಾವು ಸುಮ್ಮನಿದ್ದರೆ ನಮ್ಮ ನಂಬಿಕೆ ಏನೆಂದು ಯಾರೂ ಹೇಳುವುದಿಲ್ಲ ಎಂದಲ್ಲ. ಅದೇ ವಾಟ್ಸ್‌ಆ್ಯಪ್ ಹೇಳುತ್ತದೆ, ತನಗೆ ತೋಚಿದಂತೆ.

ಹೇಳುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ. ನಂಬಲು, ಆಚರಿಸಲು ಮಾತ್ರವಲ್ಲ, ಪ್ರಚಾರ ಮಾಡಲು ಸಹ. 1977ರಲ್ಲಿ ಸುಪ್ರೀಂ ಕೋರ್ಟ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ, ತನ್ನ ಧರ್ಮದ ತತ್ವಗಳನ್ನು ತಿಳಿಸುವುದು ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ ಎಂದಿತು. ಆ ತೀರ್ಪನ್ನು ನಮ್ಮ ಹಿರಿಯರು ಅನೇಕರು ನೊಂದುಕೊಂಡು ನೆನೆಯುತ್ತಾರೆ. ಅದರ ಬಗ್ಗೆ ವಾದಗಳಿವೆ, ಬಲ್ಲವರು ಮಾಡಲಿ. ನನ್ನ ಮಟ್ಟಿಗೆ ಮನಸ್ಸು ತಿರುಗಿಸುವುದು ಎಂದೂ ನನ್ನ ಕೆಲಸವಾಗಿರಲಿಲ್ಲ, ಅದು ದೇವರಿಗೂ ಆ ಮನಸ್ಸಿಗೂ ಬಿಟ್ಟದ್ದು. ಯೋಹಾನನ ಒಂಬತ್ತನೇ ಅಧ್ಯಾಯದಲ್ಲಿ ಯೇಸು ಕಣ್ಣು ಕೊಟ್ಟ ಹುಟ್ಟುಕುರುಡ, ಪಂಡಿತರು ಸುತ್ತುಗಟ್ಟಿ ಕೇಳಿದಾಗ, ನಾನು ಕುರುಡನಾಗಿದ್ದೆ, ಈಗ ಕಣ್ಣು ಕಾಣುತ್ತದೆ, ಇದೊಂದು ಬಲ್ಲೆ ಎನ್ನುತ್ತಾನೆ. ತನ್ನ ಕಣ್ಣಿನ ವಿಷಯ ಬಿಟ್ಟು ಬೇರೆಯವರ ಕಣ್ಣಿನ ಗೊಡವೆಗೆ ಹೋಗುವುದಿಲ್ಲ. ನನಗೆ ಅಷ್ಟು ಸಾಕು.

ಈಗ ತಟ್ಟೆಯ ವಿಷಯಕ್ಕೆ ಬರುತ್ತೇನೆ. ಅದು ಅಮ್ಮನ ತಟ್ಟೆ, ಸ್ಟೀಲಿನದು, ಅಂಚಿನಲ್ಲಿ ಪಾತ್ರೆ ಅಂಗಡಿಯವನು ಕೊರೆದ ಅವರ ಹೆಸರಿದೆ. ಡಿಸೆಂಬರ್ 20ರಿಂದ ನಮ್ಮ ಮನೆಯಲ್ಲಿ ಎಣ್ಣೆ ಬಾಣಲೆ ಇಳಿಯುವುದಿಲ್ಲ. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಿದರೆ ಶಂಖದ ಹಾಗೆ ಗೀರು ಬೀಳುವ ಕಲ್‌ಕಲ್, ಅಚ್ಚು ಅದ್ದಿ ಕರಿಯುವ ರೋಸ್ ಕುಕೀಸ್, ಕರ್ಜಿಕಾಯಿ, ಚಕ್ಕುಲಿ. ಮೊದಲೆಲ್ಲ ಎಲ್ಲರಿಗೂ ಒಂದೇ ಹಿಟ್ಟು, ಮೊಟ್ಟೆ ಹಾಕಿದ್ದು. ಪಕ್ಕದ ಮನೆಯವರು ನಗುತ್ತಾ ಇಸಿದುಕೊಂಡು ಏನು ಮಾಡುತ್ತಿದ್ದರೋ ಗೊತ್ತಿಲ್ಲ. ಆ ಹನ್ನೊಂದು ದಿನಗಳ ಮೇಲೆ ಬಂದ ಕ್ರಿಸ್ಮಸ್‌ನಲ್ಲಿ ಮೊದಲು ಅವರ ಪಾಲು ಮಾಡಿದೆ. ಹೊಸ ಎಣ್ಣೆ, ತೊಳೆದ ಬೇರೆ ಬಾಣಲೆ, ಮೊಟ್ಟೆಯ ಬದಲು ತೆಂಗಿನ ಹಾಲು. ಅದನ್ನು ಬಾಗಿಲಲ್ಲೇ ಹೇಳಿದೆ. ಅವರು ಒಂದು ಕಲ್‌ಕಲ್ ತೆಗೆದು ನನ್ನೆದುರಿಗೇ ಬಾಯಿಗೆ ಹಾಕಿಕೊಂಡರು.

ಖಾಲಿ ತಟ್ಟೆ ವಾಪಸ್ ಕೊಡಬಾರದು ಎಂಬುದು ಈ ಕಡೆಯ ಪದ್ಧತಿ, ಕೊನೆಗೆ ಒಂದು ಚಮಚ ಸಕ್ಕರೆಯಾದರೂ ಇರಬೇಕು. ನಮ್ಮ ತಟ್ಟೆ ಮೂರು ವಾರ ಅವರ ಮನೆಯಲ್ಲಿದ್ದು ಸಂಕ್ರಾಂತಿಗೆ ಬರುತ್ತದೆ. ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಎರಡು ಗೆಣ್ಣು ಕಬ್ಬು, ಬಾಳೆಹಣ್ಣು. "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಸಿಸ್ಟರ್."

ಕಳೆದ ವರ್ಷ ಅವರ ಮಗನಿಗೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಐಸಿಯುನಲ್ಲಿ ನಾಲ್ಕು ದಿನ. ಅದು ನಾನು ಕೆಲಸ ಮಾಡಿದ ಆಸ್ಪತ್ರೆಯಲ್ಲ, ಅಷ್ಟು ಹೊತ್ತಿಗೆ ನಾನು ರಿಟೈರ್ ಸಹ ಆಗಿದ್ದೆ. ಎರಡನೇ ರಾತ್ರಿ ಹೊರಗಿನ ಕುರ್ಚಿಯಲ್ಲಿ ಅವರ ಪಕ್ಕ ಕೂತಿದ್ದೆ. ನಂಜುಂಡೇಶ್ವರನಿಗೆ ಮುಡಿಪು ಕಟ್ಟಿದ್ದರು, ಹಳದಿ ಬಟ್ಟೆಯ ಗಂಟು ಕೈಯಲ್ಲೇ ಇತ್ತು. ಬಹಳ ಹೊತ್ತಾದ ಮೇಲೆ ನನ್ನ ಮೊಣಕೈ ಮುಟ್ಟಿ ಅಂದರು: "ಸಿಸ್ಟರ್, ನಿಮ್ಮ ದೇವರಿಗೂ ಒಂದು ಮಾತು ಹೇಳಿ."

ಮನಸ್ಸಿನಲ್ಲೇ ಹೇಳಲಾ, ಬಾಯಿಬಿಟ್ಟು ಹೇಳಲಾ ಎಂದು ಕೇಳಿದೆ. ನನಗೂ ಕೇಳಿಸೋ ಹಾಗೆ ಹೇಳಿ ಅಂದರು. ಚರ್ಚಿನ ಕನ್ನಡ ಒಂದೂ ನೆನಪಿಗೆ ಬರಲಿಲ್ಲ. 'ಯೇಸಪ್ಪಾ, ಈ ಹುಡುಗನ್ನ ನಿನಗೆ ಗೊತ್ತು. ಇವರು ನನ್ನ ತಾಯಿ ಸತ್ತಾಗ ನನಗೆ ಊಟ ಹಾಕಿದವರು. ಮಗನ್ನ ಉಳಿಸಿಕೊಡು. ಇವರ ಕೈ ಬಿಡಬೇಡ' ಎಂದೆ. ಅಷ್ಟೇ. ಅವರು ಮುಡಿಪಿನ ಗಂಟು ಹಿಡಿದ ಕೈಯನ್ನು ನನ್ನ ಕೈ ಮೇಲೆ ಇಟ್ಟುಕೊಂಡಿದ್ದರು.

ಹುಡುಗ ಉಳಿದ. ಅವರು ನಂಜನಗೂಡಿಗೆ ಹೋಗಿ ಮುಡಿಪು ಒಪ್ಪಿಸಿ ಬಂದು ನನಗೆ ಪ್ರಸಾದದ ಬದಲು ಬರೀ ರಸಬಾಳೆ ಕೊಟ್ಟರು, ನಾವು ಪ್ರಸಾದ ತಿನ್ನುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರು. ಅವರು ಕ್ರೈಸ್ತರಾಗಿಲ್ಲ. ಅದು ನನ್ನ ಸಾಕ್ಷಿಯ ಸೋಲು ಎಂದು ನಮ್ಮ ಸಭೆಯ ಒಬ್ಬರು ಹೇಳಿದರು. ನನಗೆ ಹಾಗೆ ಅನಿಸಿಲ್ಲ. ಅವರೂ ನನ್ನ ಹಾಗೆ ಯೇಸುವನ್ನು ಅರಿಯಲಿ ಎಂಬ ಆಸೆ ನನಗಿಲ್ಲ ಎಂದರೆ ಸುಳ್ಳಾಗುತ್ತದೆ, ಇದೆ. ಒಂದು ಸಲ ಅದನ್ನು ಅವರಿಗೆ ಹೇಳಿಯೂ ಇದ್ದೇನೆ. ತಲೆಯಾಡಿಸಿದರು, ಗೊತ್ತು ಬಿಡಿ ಅಂದರು, ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು.

ಈ ಸಂಕ್ರಾಂತಿಗೆ ತಟ್ಟೆ ತಂದವರು ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೇಳಿದರು. "ಅವತ್ತು ಆಸ್ಪತ್ರೆಯಲ್ಲಿ ಅಷ್ಟು ಸಲೀಸಾಗಿ ಮಾತಾಡಿದ್ರಲ್ಲ ದೇವರ ಹತ್ರ. ಕೋಪ ಬಂದಾಗ ಬೈಯೋದೂ ಉಂಟಾ ನಿಮ್ಮಲ್ಲಿ?" ಉಂಟು ಅಂದೆ. ಒಳಗೆ ಕರೆದು ಸತ್ಯವೇದ ತೆಗೆದು ಹದಿಮೂರನೇ ಕೀರ್ತನೆ ಓದಿದೆ. ದೇವರೇ, ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀ, ಎಷ್ಟು ಕಾಲ ಮುಖ ಮರೆಸಿಕೊಂಡಿರುತ್ತೀ ಎಂದು ದಾವೀದ ಜಗಳಕ್ಕೆ ನಿಲ್ಲುವ ಹಾಡು ಅದು. ಅವರ ಮುಖ ಅರಳಿತು. "ನಮ್ಮ ದಾಸರದೂ ಇದೇ ವರಸೆ. ನಿಂದಾಸ್ತುತಿ ಅಂತೀವಿ. ಇದನ್ನೂ ಕೀರ್ತನೆ ಅಂತಲೇ ಕರೀತೀರಾ?" ಹೌದು, ಕನ್ನಡಕ್ಕೆ ತಂದವರು ಆ ಹೆಸರೇ ಇಟ್ಟಿದ್ದಾರೆ ಅಂದೆ. ಅವರು ಒಂದು ದೇವರನಾಮ ಹಾಡಿದರು. ನಾನು ಕೇಳಿದೆ. ಹೊತ್ತು ಹೋದದ್ದು ತಿಳಿಯಲಿಲ್ಲ.

ಆ ಕೀರ್ತನೆ ಬರೆದುಕೊಡಿ, ದಪ್ಪ ಅಕ್ಷರದಲ್ಲಿ, ನನಗೆ ಕಣ್ಣು ಸರಿಯಿಲ್ಲ ಎಂದು ಕೇಳಿ ಹೋಗಿದ್ದಾರೆ. ರೂಲು ಹಾಕಿದ ದೊಡ್ಡ ಹಾಳೆಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆಯುತ್ತಿದ್ದೇನೆ. ನನ್ನ ಕೈಯೂ ಈಗ ಸ್ವಲ್ಪ ನಡುಗುತ್ತದೆ, ನಿಧಾನ. ಆರು ವಚನಗಳಲ್ಲಿ ನಾಲ್ಕು ಮುಗಿದಿವೆ. ಜಗಳವೆಲ್ಲ ಅಲ್ಲಿಗೆ ಮುಗಿಯುತ್ತದೆ, ಐದನೆಯದು ಬೆಳಗ್ಗೆ ಬರೆಯಬೇಕು.